ಏಳನೇ ಮನೆಯ ಮೂರನೇ ಚುಕ್ಕಿ

ನನ್ನ ಬಲಗೈ ತೋರುಬೆರಳಿಗೆ ಒಂದು ಕೆಟ್ಟ ಚಟವಿದೆ. ಏನನ್ನು ಓದುತ್ತಿದ್ದರೂ ಸಾಲಿನ ಏಳನೇ ಅಕ್ಷರಕ್ಕೆ ಬಂದ ಕೂಡಲೇ ಅದು ನಿಂತುಬಿಡುತ್ತದೆ. ಅನುಮಾನದಿಂದ ಆ ಅಕ್ಷರವನ್ನು ಮೇಲಿನಿಂದ ಕೆಳಗೆ ಒಮ್ಮೆ ತಡವಿ, ಸಮಾಧಾನವಾದ ಮೇಲೆಯೇ ಮುಂದೆ ಹೊರಡುತ್ತದೆ. ಮೊನ್ನೆ ಯಾರೋ ಒಂದು ಬ್ರೈಲ್ ಕ್ಯಾಲೆಂಡರ್ ಕೊಟ್ಟರು. ಹೊಚ್ಚ ಹೊಸದು, ದಪ್ಪ ಕಾಗದ, ಚುಕ್ಕಿಗಳು ರವೆಯ ಕಾಳಿನ ಹಾಗೆ ಗಟ್ಟಿಯಾಗಿ ಎದ್ದು ನಿಂತಿವೆ. ಅದರ ಮೇಲೂ ಬೆರಳು ಏಳನೇ ಅಕ್ಷರದಲ್ಲಿ ತಡೆಯಿತು. ಇದು ಬರೀ ಕಾಗದ ಮಹರಾಯ, ಇದಕ್ಕೇನೂ ರೋಗವಿಲ್ಲ ಎಂದು ಬೆರಳಿಗೆ ತಿಳಿಹೇಳಿದೆ. ಅದು ಕೇಳಲಿಲ್ಲ. ನಮ್ಮ ಮನೆಯಲ್ಲಿ ನನ್ನ ಮಾತು ಯಾರು ಕೇಳುತ್ತಾರೆ, ಬೆರಳು ಕೇಳುವುದಕ್ಕೆ?

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಈಕೆ ಯಾಕೆ ಎಲ್ಲವನ್ನೂ ತಡವಿ ನೋಡುತ್ತಾಳೆ ಎಂದು ಕೊನೆಯವರೆಗೂ ಅನುಮಾನಪಡುತ್ತ ಕೂರುತ್ತೀರಿ. ಹಳಿಯಾಳದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ನಮ್ಮವರು ಬಸ್ ಕಂಡಕ್ಟರು. ಹಳಿಯಾಳದಿಂದ ದಾಂಡೇಲಿ, ಜೋಯಿಡಾ ಹಾದು ಅನಮೋಡದವರೆಗೆ ಹೋಗಿ ಬರುವುದು ಅವರ ದಿನಚರಿ. ನಮ್ಮಿಬ್ಬರ ನಡುವೆ ಮೂರನೆಯದಾಗಿ ಇದ್ದದ್ದು ಒಂದು ಡಬ್ಬಿ.

ಡಬ್ಬಿ ಎಂದು ಕರೆದವರು ನಮ್ಮವರು. ಅದರ ನಿಜವಾದ ಹೆಸರು ಬ್ರೈಲ್ ನೋಟ್‌ಟೇಕರ್. ಗಾತ್ರದಲ್ಲಿ ಊಟದ ಡಬ್ಬಿಗಿಂತ ತುಸು ಅಗಲ, ಮೇಲೆ ಒತ್ತುವುದಕ್ಕೆ ಆರು ಗುಂಡಿ, ಕೆಳಗೆ ಓದುವುದಕ್ಕೆ ಒಂದೇ ಒಂದು ಸಾಲು. ಆ ಸಾಲಿನಲ್ಲಿ ಹದಿನೆಂಟು ಅಕ್ಷರಗಳಿಗೆ ಜಾಗ. ಅಕ್ಷರದ ಒಂದೊಂದು ಜಾಗವನ್ನೂ ನಾನು ಮನೆ ಎನ್ನುತ್ತೇನೆ. ಮನೆಗೆ ಆರು ಜನ. ಎಡಕ್ಕೆ ಮೂವರು, ಬಲಕ್ಕೆ ಮೂವರು, ಎಲ್ಲರೂ ಸಣ್ಣ ಸಣ್ಣ ಪಿನ್ನುಗಳು. ಅವರಲ್ಲಿ ಯಾರು ಎದ್ದಿದ್ದಾರೆ, ಯಾರು ಮಲಗಿದ್ದಾರೆ ಎನ್ನುವುದರ ಮೇಲೆ ಅದು ಯಾವ ಅಕ್ಷರ ಎಂದು ಬೆರಳಿಗೆ ತಿಳಿಯುತ್ತದೆ. ಒಂದು ಗುಂಡಿ ಒತ್ತಿದರೆ ಹದಿನೆಂಟು ಮನೆಯವರೂ ಒಮ್ಮೆಲೇ ಎದ್ದು ಕೂತು ಮುಂದಿನ ಸಾಲಾಗುತ್ತಾರೆ. ಆ ಚಟಪಟ ಸದ್ದು ನನಗೆ ಬಹಳ ಇಷ್ಟವಾಗಿತ್ತು.

ನಾನು ಅಕ್ಷರ ಕಲಿತದ್ದು ಇಂಥ ವೈಭವದಲ್ಲಲ್ಲ. ನಮ್ಮೂರು ಮುಂಡಗೋಡದ ಹತ್ತಿರದ ಸನವಳ್ಳಿ. ದೂರದ ಅಂಧರ ಶಾಲೆಯಿಂದ ರಜೆಗೆ ಬರುವಾಗ ಒಂದು ಬ್ರೈಲ್ ಪಾಟಿ, ಒಂದು ಮೊಂಡು ಮೊಳೆ ತರುತ್ತಿದ್ದೆ. ಪಾಟಿಗೆ ಕಾಗದ ಸಿಕ್ಕಿಸಿ, ಮೊಳೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಆಮೇಲೆ ಕಾಗದ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ತೆಳುವಾದ ಕಾಗದ ಹರಿದುಹೋಗುತ್ತದೆ. ದಪ್ಪ ಕಾಗದಕ್ಕಾಗಿ ನಾನು ಊರಿನ ಲಗ್ನಪತ್ರಿಕೆಗಳನ್ನೆಲ್ಲ ಕಬಳಿಸುತ್ತಿದ್ದೆ. ಯಾರದೋ ಮದುವೆಯ ಮುಹೂರ್ತದ ಮೇಲೆ ನನ್ನ ಭೂಗೋಳದ ನೋಟ್ಸು ಕೂರುತ್ತಿತ್ತು. ನಮ್ಮಜ್ಜಿ ಒಮ್ಮೆ ಅದರ ಮೇಲೆ ಕೈಯಾಡಿಸಿ, "ಏ ತಂಗೀ, ಇದಕ ಬೆವರಗುಳ್ಳಿ ಎದ್ದಾವ ನೋಡು" ಎಂದು ಕಾಗದಕ್ಕೆ ಪೌಡರು ಹಚ್ಚಿಟ್ಟಿದ್ದಳು. ಆ ರಜೆ ಪೂರ್ತಿ ನನ್ನ ಭೂಗೋಳ ಘಮಘಮ ಎನ್ನುತ್ತಿತ್ತು.

ಹಾಗಿದ್ದವಳಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸಂಸ್ಥೆಯ ಕೃಪೆಯಿಂದ ಡಬ್ಬಿ ಸಿಕ್ಕಿತು. ಹೊರದೇಶದಲ್ಲಿ ಯಾರೋ ಬಳಸಿ ಬಿಟ್ಟದ್ದು. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ನನಗೆಂದು ಕೊಂಡಿದ್ದ ಉಣ್ಣೆಯ ಟೊಪ್ಪಿಗೆಯನ್ನು ಅದಕ್ಕೆ ತೊಡಿಸಿದೆ. ಚಳಿಗಾಲವಿಡೀ ನಾನು ಸೀರೆಯ ಸೆರಗಿನಿಂದ ಕಿವಿ ಮುಚ್ಚಿಕೊಂಡು ಓಡಾಡಿದೆ. ಡಬ್ಬಿ ಬೆಚ್ಚಗಿತ್ತು.

ಅದು ಮಾತನ್ನೂ ಆಡುತ್ತಿತ್ತು, ಆದರೆ ಬರೀ ಇಂಗ್ಲಿಷು. ಕನ್ನಡ ಬರೆದರೂ ಅದನ್ನು ಇಂಗ್ಲಿಷೆಂದೇ ನಂಬಿ ಓದುತ್ತಿತ್ತು. ಬ್ರೈಲಿನಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಚುಕ್ಕಿಗಳು ಅವೇ, ಹೇಳುವ ಉಚ್ಚಾರ ಮಾತ್ರ ಬೇರೆ. ನಮ್ಮ 'ಆ' ಅಕ್ಷರಕ್ಕೆ ಇರುವ ಚುಕ್ಕಿಗಳೇ ಅವರಲ್ಲಿ 'ಆರ್' ಎಂಬ ಜೋಡಕ್ಷರ. ಹಾಗಾಗಿ 'ಬಾ' ಎಂದು ಬರೆದರೆ ಡಬ್ಬಿ 'ಬಾರ್' ಎನ್ನುತ್ತಿತ್ತು. 'ಕಾಕಾ' ಎಂದರೆ 'ಕಾರ್ಕಾರ್'. ನಮ್ಮವರು ಕುತೂಹಲಕ್ಕೆ ನಾಲ್ಕು ಅಕ್ಷರ ಕಲಿತು ಮೊಟ್ಟಮೊದಲು ಬರೆದ ಪದ 'ಚಾ'. ಡಬ್ಬಿ ಗಂಭೀರವಾಗಿ 'ಕಾರ್' ಎಂದಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಚಾ ಕುಡಿಯುವವರೇ ಇಲ್ಲವಾದರು.

"ಒಂದ್ ಅರ್ಧ ಕಪ್ ಕಾರ್ ಮಾಡ್ತಿ ಏನು?" ಎಂದು ಇವರು ಕೇಳುತ್ತಿದ್ದರು.

"ಹಾಲಿಲ್ಲ. ಕರೀ ಕಾರ್ ನಡೀತೈತೇನು?" ಎಂದು ನಾನು ಕೇಳುತ್ತಿದ್ದೆ. ಮನೆಗೆ ಬಂದ ನೆಂಟರು ಈ ಕಂಡಕ್ಟರನಿಗೆ ಕಾರು ಕೊಳ್ಳುವಷ್ಟು ಅನುಕೂಲ ಎಲ್ಲಿಂದ ಬಂತು ಎಂದು ಕಕ್ಕಾಬಿಕ್ಕಿಯಾಗುತ್ತಿದ್ದರು.

ಇನ್ನು ಏಳನೇ ಮನೆಯ ಕತೆ. ಒಂದು ಬೇಸಿಗೆ ರಜೆಯಲ್ಲಿ ನಾನೂ ಡಬ್ಬಿಯ ಸಮೇತ ಇವರ ಬಸ್ಸಿನಲ್ಲಿ ಅನಮೋಡಕ್ಕೆ ಹೋದೆ. ಗೋವಾದ ಗಡಿ ಅಲ್ಲಿಯೇ. ಬಸ್ಸು ನಿಂತಾಗ ತಪಾಸಣೆಯವರೊಬ್ಬರು ಒಳಗೆ ಬಂದು, ನನ್ನ ತೊಡೆಯ ಮೇಲಿದ್ದ ಟೊಪ್ಪಿಗೆ ತೊಟ್ಟ ಡಬ್ಬಿಯನ್ನು ನೋಡಿ, "ಇದೇನ್ ಬಾಯಾರ?" ಎಂದು ಬಹಳ ಮರ್ಯಾದೆಯಿಂದಲೇ ಕೇಳಿದರು. ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ನನಗೆ ಪ್ರದರ್ಶನದ ಹುಚ್ಚು. ಟೊಪ್ಪಿಗೆ ತೆಗೆದು, ಗುಂಡಿ ಒತ್ತಿ, ಧ್ವನಿ ಏರಿಸಿ, "ಬಾ" ಎಂದು ಬರೆದು ಕೇಳಿಸಿದೆ. ಡಬ್ಬಿ ಇಡೀ ಬಸ್ಸಿಗೆ ಕೇಳುವಂತೆ "ಬಾರ್" ಎಂದಿತು. ಗೋವಾದ ಗಡಿಯಲ್ಲಿ ಆಡಬಾರದ ಮಾತು ಅದೊಂದೇ. ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು, ತಪಾಸಣೆಯವರೂ ನಕ್ಕರು. ನಗುವಿನ ಭರದಲ್ಲಿ ನಾನೂ ಕೈಯೆತ್ತಿದೆ, ಡಬ್ಬಿ ಜಾರಿ ಕೆಳಗೆ ಬಿತ್ತು.

ಎತ್ತಿಕೊಂಡು ನೋಡಿದರೆ ಮೂಲೆಯಲ್ಲಿ ಒಂದು ಬಿರುಕು, ಅಷ್ಟೇ. ಬರೆಯಿತು, ಓದಿತು, ಮಾತಾಡಿತು. ಬದುಕಿತು ಬಡಜೀವ ಎಂದುಕೊಂಡೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಎಂಟನೇ ಇಯತ್ತೆಗೆ ಹೊಸ ಹುಡುಗಿಯರು ಬಂದಿದ್ದರು. ಅವರ ಹೆಸರುಗಳನ್ನು ಗಣಿತದ ಸರೋಜಾ ಟೀಚರ್ ಹಿಂದಿನ ದಿನ ಗಡಗಡ ಓದಿ ಹೇಳಿದ್ದರು, ನಾನು ಗಡಗಡ ಬರೆದುಕೊಂಡಿದ್ದೆ. ಕ್ಲಾಸ್ ಟೀಚರ್ ಅವರೇ, ಹಾಜರಿ ಪುಸ್ತಕವೂ ಅವರದೇ. ಆದರೆ ಮೊದಲ ದಿನ ನಾನೇ ಒಮ್ಮೆ ಹೆಸರು ಕರೆದು ಒಬ್ಬೊಬ್ಬರ ದನಿ ಕೇಳಿಸಿಕೊಳ್ಳದಿದ್ದರೆ ಆ ಕ್ಲಾಸು ನನ್ನದೆನ್ನಿಸುವುದಿಲ್ಲ. ಅಚ್ಚುಕಟ್ಟೆನ್ನುವುದು ನನ್ನ ಹಳೆಯ ಕಾಯಿಲೆ. ಮೊದಲ ಆರು ಮನೆಗಳನ್ನು ನಂಬರಿಗೆ ಬಿಟ್ಟು, ಎಲ್ಲ ಹೆಸರುಗಳೂ ಸರಿಯಾಗಿ ಏಳನೇ ಮನೆಯಿಂದಲೇ ಶುರುವಾಗುವ ಹಾಗೆ ಬರೆದಿದ್ದೆ.

ಕರೆಯುತ್ತ ಹೋದೆ. ಒಂದು ಕಡೆ 'ಹೇಖಾ' ಎಂದು ಬೆರಳಿಗೆ ಹತ್ತಿತು. ಹೇಖಾ ಎಂಬ ಹೆಸರು ಲೋಕದಲ್ಲಿಲ್ಲ, ನನ್ನದೇ ಬೆರಳು ಮಂಕಾಗಿದೆ ಎಂದುಕೊಂಡು ರೇಖಾ ಎಂದೆ. ಹೀಗೆ ಒಂದೆರಡನ್ನು ಊಹೆಯಿಂದ ದಾಟಿಸಿದೆ. ಮುಂದೊಂದು ಹೆಸರು ಬಂತು.

"ಚಂದಾ," ಎಂದೆ.

ಅಲ್ಲಲ್ಲಿ ಬೆಂಚುಗಳು ಕಿರುಗುಟ್ಟಿದವು. ಆಮೇಲೆ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ, "ಹಾಜರ್ರಿ ಟೀಚರ್."

"ಚಲೋ ಹೆಸರೈತಿ. ಯಾವೂರವಾ?"

"ತೇರಗಾಂವ್ರಿ."

ಅದರ ಮುಂದಿನ ಹೆಸರನ್ನು ನಾನು 'ಚೀನಾ' ಎಂದು ಕರೆದೆ. ಕ್ಲಾಸು ಗೊಳ್ಳೆಂದಿತು. ಮುಂದಿನ ಬೆಂಚಿನಿಂದ ಒಬ್ಬಳು ದಡಕ್ಕನೆ ಎದ್ದು, "ಮೀನಾ ರೀ ಟೀಚರ್. ಚೀನಾ ಮ್ಯಾಪಿನ್ಯಾಗ ಐತ್ರಿ" ಎಂದಳು. ಸಮಾಜ ವಿಜ್ಞಾನದವಳ ತಲೆಯಲ್ಲಿ ಚೀನಾ ಓಡಾಡಿಕೊಂಡಿರುವುದು ಸಹಜ ಎಂದು ನಾನೂ ನಕ್ಕು ಮುಂದೆ ಹೋದೆ. ಮೊದಲ ದಿನ ನಾಲಿಗೆಗೆ ಹತ್ತಿದ ಹೆಸರು ಹತ್ತಿತು. ಆಮೇಲೆ ನಾನು ಡಬ್ಬಿ ನೋಡಿ ಕರೆಯುವುದಿಲ್ಲ, ದನಿ ಕೇಳಿಯೇ ಗುರುತು ಹಿಡಿಯುತ್ತೇನೆ.

ಗುಟ್ಟು ಬಯಲಾದದ್ದು ಸ್ವಾತಂತ್ರ್ಯ ದಿನದಂದು. ಮುಖ್ಯ ಅತಿಥಿಯಾಗಿ ಅರಣ್ಯ ಇಲಾಖೆಯಿಂದ ನಿವೃತ್ತರಾದ ರಾವ್ ಎಂಬ ಹಿರಿಯರು ಬಂದಿದ್ದರು. ಸ್ವಾಗತ ಭಾಷಣ ನನ್ನದು. ಮೈಕಿನ ಮುಂದೆ ಡಬ್ಬಿ ಹಿಡಿದು ನಿಂತು, ಬೆರಳಾಡಿಸುತ್ತ, ಎದೆ ತುಂಬಿ ಓದಿದೆ: "ಈ ದಿನ ಹಾವ್ ಸಾಹೇಬರು ನಮ್ಮ ಶಾಲೆಗೆ ಬಂದಿರುವುದು ನಮ್ಮ ಪುಣ್ಯ."

ಅಕ್ಕಂದಿರ ಜೊತೆ ಬಂದು ನೆಲದ ಮೇಲೆ ಕೂತಿದ್ದ ಸಣ್ಣ ಮಕ್ಕಳು ಹಾವು ಎಲ್ಲಿ ಎಂದು ಎದ್ದು ನಿಂತವು. ಹೆಡ್ ಮೇಡಂ ಕೆಮ್ಮಿದರು. ಆ ಪುಣ್ಯಾತ್ಮ ರಾವ್ ಸಾಹೇಬರು ಮಾತ್ರ ತಮ್ಮ ಸರದಿ ಬಂದಾಗ, "ನಲವತ್ ವರ್ಷ ಜೋಯಿಡಾ ಕಾಡಿನ್ಯಾಗ ಹಾವು ನೋಡಿದೆ. ನಾನ ಹಾವಾಗಿದ್ದು ಇವತ್ತ" ಎಂದು ಸಭೆಯನ್ನೆಲ್ಲ ನಗಿಸಿದರು. ನಾನು ಭೂಮಿ ಬಾಯಿಬಿಡಬಾರದೇ ಎಂದು ಕೂತಿದ್ದೆ.

ಹೇಖಾ ಎಂದರೆ ಬಾಯಿ ತಡೆಯುತ್ತದೆ. ಅಂಥ ಪದ ಇಲ್ಲ. ಹಾವ್ ಎಂದರೆ ತಡೆಯುವುದಿಲ್ಲ. ಪದ ಲೋಕದಲ್ಲಿ ಇರುವಂಥದ್ದಾದರೆ ಬಾಯಿ ಯಾವ ತಪಾಸಣೆಯೂ ಇಲ್ಲದೆ ಅದನ್ನು ಹೊರಗೆ ಬಿಟ್ಟುಬಿಡುತ್ತದೆ.

ಮರುದಿನ ನಮ್ಮವರು ಡಬ್ಬಿಯನ್ನು ದಾಂಡೇಲಿಗೆ ಒಯ್ದರು. ಅಲ್ಲಿ ದಸ್ತಗೀರ್ ಭಾಯಿ ಎಂಬ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯವರಿದ್ದರು, ನಮ್ಮವರ ಹಳೆಯ ದೋಸ್ತು. ಅವರು ಡಬ್ಬಿಯನ್ನು ಬಿಚ್ಚಿ, ಊದಿ, ಒರೆಸಿ, ಬಿರುಕಿಗೆ ಅಂಟು ಹಚ್ಚಿ ಸಂಜೆ ಫೋನು ಮಾಡಿದರು. "ಅಕ್ಕಾರ, ಎಲ್ಲಾ ಮನಿ ಚಲೋ ಅದಾವು. ಏಳನೇ ಮನ್ಯಾಗ ಎಡಕ್ಕ ತಳದಾಗ ಒಬ್ಬಾವ ಏಳವಲ್ಲ. ಜಬರದಸ್ತಿ ಮಾಡಿದ್ರ ಮಗ್ಗಲ ಮನಿಯವ್ರೂ ಮಲಗ್ತಾರ. ಏನ್ ಮಾಡ್ಲಿ?"

"ಮಲಗ್ಲಿ ಬಿಡ್ರಿ," ಎಂದೆ.

ಎಡಕ್ಕೆ ತಳದಲ್ಲಿರುವುದು ಮೂರನೇ ಚುಕ್ಕಿ. 'ರ' ಅಕ್ಷರದಿಂದ ಅದನ್ನು ತೆಗೆದರೆ ಉಳಿಯುವುದು 'ಹ'. 'ಮ' ಅಕ್ಷರದಿಂದ ತೆಗೆದರೆ 'ಚ', 'ನ' ಅಕ್ಷರದಿಂದ ತೆಗೆದರೆ 'ದ'. ಮೀನಾ ಚೀನಾಕ್ಕೆ ಹೋದದ್ದೂ ರಾವ್ ಸಾಹೇಬರು ಬಿಲ ಸೇರಿದ್ದೂ ಹೀಗೆ. ನಮ್ಮವರಿಗೆ ಇದರಲ್ಲಿ ಬೇರೆಯೇ ತಮಾಷೆ ಹೊಳೆಯಿತು. ಜಾತಕದಲ್ಲಿ ಏಳನೇ ಮನೆ ಗಂಡನದಂತೆ. "ನನ್ನ ಮನ್ಯಾಗ ಒಬ್ಬಾವ ಏಳೂದಿಲ್ಲಂದ್ರ ಅದರಾಗ ಹೊಸಾದೇನೈತಿ? ಐತವಾರ ನಾನೂ ಏಳೂದಿಲ್ಲ," ಎಂದು ಬಸ್ಸಿನಲ್ಲೆಲ್ಲ ಹೇಳಿಕೊಂಡು ತಿರುಗಿದರು.

ನಾನು ಎಂಟನೇ ಕ್ಲಾಸಿಗೆ ಹೋಗಿ, ಯಾರ ಹೆಸರನ್ನಾದರೂ ತಪ್ಪು ಕರೆದಿದ್ದರೆ ಈಗಲೇ ಹೇಳಿಬಿಡಿ ಎಂದು ಕೇಳಿದೆ. ಸಂತೆಯಾಯಿತು. ನೀಲವ್ವ ಎಂಬವಳು ತಾನು ಇಷ್ಟು ದಿನ ದೀಲವ್ವನಾಗಿ ಬದುಕಿದ್ದನ್ನು ನೆನೆದು ಕಿಸಿಕಿಸಿ ನಕ್ಕಳು. ಟೀಚರು ಕರೆದದ್ದೇ ಸರಿ ಇರಬೇಕೆಂದು ಅವಳು ಮನೆಯಲ್ಲೂ ಕೇಳಿದ್ದಳಂತೆ. ಎಲ್ಲವನ್ನೂ ತಿದ್ದಿಕೊಂಡೆ. ಹಿಂದಿನ ಬೆಂಚಿನಿಂದ ಮಾತ್ರ ಏನೂ ಬರಲಿಲ್ಲ. ಚಂದಾ ಎಂಬ ಹೆಸರು ತಪ್ಪಿರಬಹುದು ಎಂದು ನನಗೂ ತೋಚಲಿಲ್ಲ. ಅದು ಲೋಕದಲ್ಲಿರುವ ಹೆಸರು.

ಹೀಗೆ ಎರಡು ವರ್ಷ ನಡೆಯಿತು. ಚಂದಾ ಒಳ್ಳೆಯ ಹುಡುಗಿ, ಮನೆಮಾತು ಮರಾಠಿ. ನನ್ನ ಪಾಠದಲ್ಲಿ ಅವಳದು ದಿನಕ್ಕೊಂದು ಪ್ರಶ್ನೆ. ರಾಜರ ಯುದ್ಧದ ಪಾಠ ಮಾಡಿದರೆ, ಆ ಕುದುರೆಗಳಿಗೆ ನೀರು ಯಾರು ಕುಡಿಸುತ್ತಿದ್ದರು ಎಂದು ಕೇಳುವಳು. ಇತ್ತ ಸ್ಟಾಫ್ ರೂಮಿನಲ್ಲಿ ಸರೋಜಾ ಟೀಚರ್ ಮಂದಾ ಎಂಬ ಇನ್ನೊಬ್ಬಳ ದೂರನ್ನು ಹೊತ್ತು ತರುತ್ತಿದ್ದರು. ಅವರು ಗಣಿತ ಕಲಿಸುವ ಬೇರೆ ಯಾವುದೋ ಕ್ಲಾಸಿನವಳಿರಬೇಕು ಎಂದುಕೊಂಡಿದ್ದೆ.

"ಆ ತೇರಗಾಂವದ ಮಂದಾ ಅದಾಳಲ್ರಿ, ಹೆಸರಿಗೆ ತಕ್ಕಂಗ. ಬಾಯಾಗ ಬೆರಳಿಟ್ರೂ ಕಚ್ಚೂದಿಲ್ಲ, ಮಾತೂ ಆಡೂದಿಲ್ಲ."

"ನನ್ನ ಕ್ಲಾಸಿನ್ಯಾಗೂ ತೇರಗಾಂವದಾಕಿ ಒಬ್ಬಾಕಿ ಅದಾಳ, ಚಂದಾ ಅಂತ," ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. "ಏನ್ ಚುರುಕ್ರಿ ಹುಡುಗಿ. ಆ ಮಂದಾನ ಇಕಿ ಗೆಳೆತನಕ್ಕ ಹಚ್ಚರಿ, ಸುಧಾರಸ್ತಾಳ."

"ಇದ್ದಿರಬೇಕು ಬಿಡ್ರಿ. ಆ ಊರಿಂದ ಭಾಳ ಹುಡುಗ್ಯಾರು ಬರ್ತಾವ," ಎಂದು ಸರೋಜಾ ಟೀಚರ್ ಲೆಕ್ಕದ ಹಾಳೆ ತಿದ್ದಲು ಕೂರುತ್ತಿದ್ದರು. ಉತ್ತರ ಪತ್ರಿಕೆ ಓದಿ ಹೇಳುವವರು ನನಗೆ ನಂಬರು ಹೇಳುತ್ತಿದ್ದರೇ ಹೊರತು ಹೆಸರನ್ನಲ್ಲ. ಹಾಗಾಗಿ ಬೆಂಚಿನ ಒಂದೇ ಜಾಗದಲ್ಲಿ ಕೂರುವ ಇಬ್ಬರು ಹುಡುಗಿಯರನ್ನು ನಾವಿಬ್ಬರೂ ಎರಡು ವರ್ಷ ಸಾಕಿದೆವು.

ಆ ಹುಡುಗಿಯರು ಹತ್ತನೇ ಇಯತ್ತೆಗೆ ಹೋಗುವ ಬೇಸಿಗೆಯಲ್ಲಿ ಸಂಸ್ಥೆಯಿಂದ ಫೋನು ಬಂತು. ಬೆಂಗಳೂರಿನ ಹುಡುಗ, ಬಹಳ ಸಭ್ಯಸ್ಥ. "ಮೇಡಂ, ಹೊಸ ಮಾಡೆಲ್ ಬಂದಿದೆ. ಮೂವತ್ತೆರಡು ಸೆಲ್ಲು, ತೂಕ ಅರ್ಧ. ಕನ್ನಡಾನ ಕನ್ನಡದ ಥರಾನೇ ಓದುತ್ತೆ. ಹಳೇದು ವಾಪಸ್ ಕೊಟ್ರೆ ಹೊಸದು ಕೊಡ್ತೀವಿ. ಹಳೇದರ ಪಾರ್ಟ್ಸ್ ಬೇರೆಯವರಿಗೆ ಉಪಯೋಗಕ್ಕೆ ಬರುತ್ತೆ."

ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವುದಕ್ಕೇನಿತ್ತು? ಹಳೆಯದರ ಬ್ಯಾಟರಿ ಮಧ್ಯಾಹ್ನದ ಹೊತ್ತಿಗೇ ತೂಕಡಿಸುತ್ತಿತ್ತು. ಹದಿನೆಂಟು ಮನೆಯ ಸಾಲಿನಲ್ಲಿ ನಮ್ಮ 'ಸಾಮಾಜಿಕ ಸು' ಒಂದು ಸಾಲಿಗೆ, 'ಧಾರಣೆ' ಇನ್ನೊಂದು ಸಾಲಿಗೆ ಬೀಳುತ್ತಿತ್ತು. ಏಳನೇ ಮನೆಯ ಕತೆಯಂತೂ ಹೇಳಿಯಾಯಿತಲ್ಲ. ಆದರೂ ಮನಸ್ಸು ಹಿಂದೆಗೆಯಿತು. ಹೊಸ ಡಬ್ಬಿ ಚಾ ಬರೆದರೆ ಚಾ ಎಂದೇ ಓದುತ್ತದೆ. ಆಮೇಲೆ ನಮ್ಮ ಮನೆಯ ಕಾರು ಎಲ್ಲಿಗೆ ಹೋಗಬೇಕು? ಇವರು ಈ ವಿಷಯವನ್ನು ಬಸ್ಸಿನ ಮುಂದಿಟ್ಟರು. ಹಳಿಯಾಳದಿಂದ ಜೋಯಿಡಾದವರೆಗೆ ಹತ್ತಿದವರೆಲ್ಲ ಟಿಕೆಟ್ಟಿನ ಜೊತೆ ಒಂದೊಂದು ಅಭಿಪ್ರಾಯವನ್ನೂ ಕೊಟ್ಟರು. ಜೋಯಿಡಾದ ಅಜ್ಜಿಯೊಬ್ಬಳು ಕೊಂಕಣಿಯಲ್ಲಿ ಕೊಟ್ಟ ಸಲಹೆಯನ್ನು ಇವರು ಕನ್ನಡಕ್ಕೆ ತಂದರು. ಹೊಸ ಕೊಡಲಿ ಕೈಗೆ ಒಗ್ಗುವವರೆಗೆ ಹಳೆಯದನ್ನು ಯಾರಿಗೂ ಕೊಡಬೇಡ ಎಂದಳಂತೆ. ಹಳೆಯದನ್ನು ಕೊಡದೆ ಹೊಸದು ಸಿಗುವುದಿಲ್ಲವಲ್ಲ, ಅದೇ ತೊಡಕಾಗಿತ್ತು.

ಬಸ್ಸಿಗೆ ಬಿದ್ದ ಮಾತು ತೇರಗಾಂವಕ್ಕೂ ಹೋಯಿತು. ಒಂದು ಮಧ್ಯಾಹ್ನ ಬಾಗಿಲಲ್ಲಿ ಆ ಸಣ್ಣ ದನಿ ಕೇಳಿಸಿತು. "ಒಳಗ ಬರ್ಲೇನ್ರಿ ಟೀಚರ್?"

"ಚಂದಾ ಹೌದಿಲ್ಲೋ? ಬಾ, ಬಾ."

ಚಾಪೆಯ ತುದಿಯಲ್ಲಿ ಕೂತಳು. ಬಹಳ ಹೊತ್ತು ಬಳೆಗಳನ್ನು ಮೇಲೆ ಕೆಳಗೆ ಆಡಿಸಿದಳು. ಇವರಿಗೆ ಅವತ್ತು ರಜೆ. ಒಳಗಿನಿಂದ, "ಕಾರ್ ಕುಡೀತೀ ಏನವಾ?" ಎಂದು ಕೂಗಿದರು.

"ಟೀಚರ್, ಹೊಸಾ ಡಬ್ಬಿ ತಗೋತೀರಂತ, ಹೌದೇನ್ರಿ?"

"ಇನ್ನೂ ಏನೂ ಇತ್ಯರ್ಥ ಆಗಿಲ್ಲ. ಯಾಕವಾ?"

"ಅದು ಒಂದೂ ತಪ್ಪ ಓದೂದಿಲ್ಲಂತ ಹೌದೇನ್ರಿ?"

"ಹೌದಂತ."

ಬಳೆಗಳ ಸದ್ದು ನಿಂತಿತು. "ಹಂಗಾರ ನಾ ಮತ್ತ ಮಂದಾ ಆಗ್ತೇನಿ ಏನ್ರಿ?"

ನನ್ನ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ 'ಮ' ಒತ್ತಿ ನೋಡಿದವು, ಮೂರನೇ ಚುಕ್ಕಿ ಬಿಟ್ಟು ಮತ್ತೊಮ್ಮೆ ಒತ್ತಿದವು. ಸ್ಟಾಫ್ ರೂಮಿನ ಎರಡು ವರ್ಷದ ಮಾತುಗಳೆಲ್ಲ ಒಟ್ಟಿಗೇ ಕಿವಿಗೆ ಬಂದವು. ಸರೋಜಾ ಟೀಚರ್ ಸಾಕಿದವಳೂ ನಾನು ಸಾಕಿದವಳೂ ಒಂದೇ ಚಾಪೆಯ ಮೇಲೆ ಕೂತಿದ್ದಳು.

"ಮಂದಾ ಅಂದ್ರ ಮಂದಾಕಿನಿ," ಎಂದೆ, ಟೀಚರಿನ ಬುದ್ಧಿ ಎಲ್ಲಿ ಹೋಗುತ್ತದೆ. "ಗಂಗಿ ಹೆಸರದು. ನಿಮ್ಮ ಮರಾಠಿಯೊಳಗ ಎಷ್ಟ್ ಚಂದ ಹೆಸರು."

"ನಮ್ಮ ಮನ್ಯಾಗ ಗಂಗೀನs ರೀ," ಎಂದಳು. "ಸಾಲ್ಯಾಗ ದಡ್ಡಿ. ಒಂದನೇತ್ತೆಯಿಂದ ಎಲ್ಲಾರೂ ಮಂದಬುದ್ಧಿ, ಮಂದಬುದ್ಧಿ ಅನ್ನಾವ್ರು. ಅಂದಂದು ನನಗೂ ಹಂಗs ಅನಸ್ತಿತ್ತು. ನೀವು ಮೊದಲನೇ ದಿನ ಚಂದಾ ಅಂದ್ರಿ. ಚಲೋ ಹೆಸರೈತಿ ಅಂದ್ರಿ. ಅಲ್ರಿ ಅನ್ನಾಕ ಬಾಯಿ ಬರಲಿಲ್ಲ. ಆಮೇಲೆ ಹುಡುಗ್ಯಾರೂ ನಿಮ್ಮ ಪಿರಿಯಡಿನ್ಯಾಗ ಹಂಗs ಕರೀತಿದ್ರು."

"ಮತ್ತ ನಾ ಕೇಳಿದಾಗ ಅವ್ರ್ಯಾರೂ ಯಾಕ ಹೇಳಲಿಲ್ಲ?"

"ಮೀನಾ ಎಲ್ಲಾರಿಗೂ ಆಣಿ ಹಾಕಿದ್ಲರಿ."

ಮೀನಾ ಎಂದರೆ ಆ ಚೀನಾ. ಇಡೀ ಕ್ಲಾಸು ಬಾಯಿಗೆ ಬೀಗ ಹಾಕಿಕೊಂಡು ನನ್ನನ್ನು ಎರಡು ವರ್ಷ ಹೀಗೆ ನಡೆಸಿಕೊಂಡು ಬಂದಿದೆ! ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಖುಷಿ, ಅದರ ಬೆನ್ನಿಗೇ ಸಂಕಟ. ಹೆಸರು ಬದಲಾದ ಕೂಡಲೇ ಬುದ್ಧಿ ಬಂತು ಎಂಬ ಕತೆಯನ್ನು ನಾನು ಹೇಳುತ್ತಿಲ್ಲ. ಗಣಿತದಲ್ಲಿ ಅವಳಿಗೆ ಕೊನೆಯವರೆಗೂ ಬೀಳುತ್ತಿದ್ದದ್ದು ಪಾಸಿಗೆ ಬೇಕಾದಷ್ಟೇ ಅಂಕ. ಆದರೆ ದಿನಕ್ಕೊಂದು ಪಿರಿಯಡ್ ಅವಳು ತನಗೆ ಬೇಕಾದ ಹೆಸರಿನಲ್ಲಿ ಕೂತಿರುತ್ತಿದ್ದಳು. ಅದನ್ನು ಕೊಟ್ಟದ್ದು ನಾನಲ್ಲ, ಅನಮೋಡದಲ್ಲಿ ಡಬ್ಬಿ ಬಿದ್ದಾಗ ಮಲಗಿಬಿಟ್ಟ ಒಂದು ಪಿನ್ನು. ಅದನ್ನು ಈಗ ಪಾರ್ಸಲ್ ಮಾಡಿ ಬೆಂಗಳೂರಿಗೆ ಕಳಿಸುವುದು ಹೇಗೆ?

ಇವರು ಮೂರು ಲೋಟ ತಂದಿಟ್ಟರು. ಎಲ್ಲವನ್ನೂ ಒಳಗಿನಿಂದಲೇ ಕೇಳಿಸಿಕೊಂಡಿದ್ದರು. "ಕುಡಿಯವಾ ಮೊದಲ. ಆರೇತಿ," ಎಂದರು. ಅವಳನ್ನು ಬಸ್ಸಿಗೆ ಹತ್ತಿಸಿ ಬರಲು ಜೊತೆಗೆ ಹೋದರು.

ನಾನು ಸಂಸ್ಥೆಗೆ ಫೋನು ಹಚ್ಚಿದೆ.

"ಒಂದು ಮಾತು ಕೇಳಬೇಕಿತ್ತು," ಎಂದೆ. "ನಿಮ್ಮ ಹೊಸ ಯಂತ್ರದಲ್ಲಿ ನಾನೇನಾದರೂ ತಪ್ಪು ಬರೆದರೆ, ಅದು ತಾನೇ ತಿದ್ದಿ ಓದುತ್ತದೋ, ಬರೆದದ್ದನ್ನೇ ಓದುತ್ತದೋ?"

"ಬರೆದದ್ದನ್ನೇ ಓದುತ್ತೆ ಮೇಡಂ," ಎಂದ ಹುಡುಗ, ತುಸು ಸಂಕೋಚದಿಂದ. "ತಿದ್ದೋ ಅಷ್ಟು ಬುದ್ಧಿ ಅದಕ್ಕಿನ್ನೂ ಇಲ್ಲ. ಮುಂದಿನ ಮಾಡೆಲ್‌ನಲ್ಲಿ ಬರಬಹುದು."

"ಹಾಗಾದರೆ ಇದನ್ನೇ ಕಳಿಸಿ," ಎಂದೆ.

ಹೊಸದು ಬಂತು. ಹಗುರ, ನಯ. ಪಿನ್ನುಗಳು ಏಳುವ ಸದ್ದೂ ಇಲ್ಲ. ಹಳೆಯದನ್ನು ಟೊಪ್ಪಿಗೆ ತೆಗೆದು ಪೆಟ್ಟಿಗೆಗೆ ಹಾಕುವ ಮುಂಚೆ ಏಳನೇ ಮನೆಯ ಮೇಲೆ ಒಮ್ಮೆ ಬೆರಳಿಟ್ಟೆ. ಮಲಗಿದವನು ಮಲಗಿಯೇ ಇದ್ದ. ನಮ್ಮವರು ಹೊಸದರಲ್ಲಿ ಮೊದಲು ಬರೆದದ್ದು 'ಚಾ'. ಅದು ಶುದ್ಧವಾಗಿ "ಚಾ" ಎಂದಿತು. "ರುಚಿ ಇಲ್ಲ ಬಿಡು," ಎಂದರು ಇವರು. ಮನೆಯಲ್ಲಿ ನಾವು ಈಗಲೂ ಕುಡಿಯುವುದು ಕಾರನ್ನೇ, ಹೊಸ ಡಬ್ಬಿಯ ಎದುರಿಗೆ ಮಾತ್ರ ಆ ಮಾತನ್ನು ಮೆಲ್ಲಗೆ ಆಡುತ್ತೇವೆ.

ಶಾಲೆ ಶುರುವಾಗುವ ಹಿಂದಿನ ದಿನ ಹತ್ತನೇ ಇಯತ್ತೆಯ ಹೆಸರುಗಳನ್ನು ಹೊಸದಾಗಿ ಬರೆಯಲು ಕೂತೆ. 'ಮ' ಬರೆಯಲು ಮೂರು ಬೆರಳು ಬೇಕು. ಎರಡೂ ತೋರುಬೆರಳು, ಜೊತೆಗೆ ಮೂರನೇ ಚುಕ್ಕಿ ಒತ್ತುವ ಎಡಗೈಯ ಉಂಗುರದ ಬೆರಳು. ಒಂದು ಹೆಸರಿಗೆ ಬಂದಾಗ ಉಂಗುರದ ಬೆರಳಿಗೆ ಒಂದು ಅಕ್ಷರದ ಮಟ್ಟಿಗೆ ರಜೆ ಕೊಟ್ಟೆ. ಸರಕಾರದ ದಾಖಲೆಯಲ್ಲಿ, ಪರೀಕ್ಷೆಯಲ್ಲಿ ಅವಳು ಮಂದಾ ಆಗಿಯೇ ಇರುತ್ತಾಳೆ, ಅದನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಕೈಯಲ್ಲಿದ್ದದ್ದು ಇಷ್ಟೇ.

ಮರುದಿನ ಕ್ಲಾಸಿನಲ್ಲಿ ಹುಡುಗಿಯರು ಮುತ್ತಿಕೊಂಡರು. ಕನ್ನಡ ಮಾತಾಡುವ ಡಬ್ಬಿಯೇ ಹಾಜರಿ ಕರೆಯಬೇಕೆಂದು ಹಟ ಹಿಡಿದರು. ಧ್ವನಿ ಏರಿಸಿ ಮೇಜಿನ ಮೇಲಿಟ್ಟೆ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಸಾರುವವರ ದನಿಯಲ್ಲಿ ಅದು ಒಂದೊಂದೇ ಹೆಸರು ಹೇಳತೊಡಗಿತು. ರೇಖಾ ಎಂದಿತು, ರೇಖಾ ನಗುತ್ತ ಹಾಜರ್ ಎಂದಳು. ಹಿಂದಿನ ಬೆಂಚು ಉಸಿರು ಬಿಗಿಹಿಡಿದದ್ದು ನನಗೆ ಕೇಳುತ್ತಿತ್ತು.

"ಚಂದಾ," ಎಂದಿತು ಡಬ್ಬಿ.

ಬಳೆಗಳು ಒಮ್ಮೆ ಸದ್ದು ಮಾಡಿದವು.

"ಹಾಜರ್ರಿ ಟೀಚರ್." ಆ ದನಿ ಅವತ್ತು ಸಣ್ಣದಾಗಿರಲಿಲ್ಲ.

"ಮೀನಾ," ಎಂದಿತು ಡಬ್ಬಿ.

ಮುಂದಿನ ಬೆಂಚಿನವಳು ಎಂದಿನಂತೆ ದಡಕ್ಕನೆ ಎದ್ದಳು. "ಹಾಜರ್ರಿ. ಟೀಚರ್, ನನ್ನ ಹೆಸರು ಇದು ಸರಿ ಓದೇತ್ರಿ. ಖರೆ ಆಕೀದು ಇನ್ನೂ ಹಂಗs ಐತಲ್ರಿ?" ಅವಳ ದನಿಯಲ್ಲಿ ನಗು ತುಳುಕುತ್ತಿತ್ತು.

"ಆಕೀದು ಮೊದಲs ಸರಿ ಇತ್ತು," ಎಂದೆ. "ನೀ ಕೂಡು."

ಮೀನಾ ಕೂತಳು. ಡಬ್ಬಿ ನೀಲವ್ವನನ್ನು ಕರೆಯಿತು.